ಮಡಿಕೆ ನುಂಗಿದ ದೋಣಿ

ಆ ಕಾರ್ಖಾನೆಯಲ್ಲಿ ಸಮುದ್ರ ನೋಡಿದವರು ಒಬ್ಬರೂ ಇರಲಿಲ್ಲ.

ಗೋಡೆಯುದ್ದಕ್ಕೂ ಇದ್ದದ್ದು ಮಾತ್ರ ಸಮುದ್ರವೇ. ಸಾಲಾಗಿ ನಿಂತ ಕ್ಯಾನ್ವಾಸುಗಳಲ್ಲಿ ಅದೇ ಬಿರುಗಾಳಿ, ಅದೇ ಮೂರು ಕಂಬದ ಹಡಗು, ಅದೇ ಹರಿದ ಹಾಯಿ. ಮೊದಲನೆಯದರಲ್ಲಿ ಅರ್ಧ ಆಕಾಶ ಮಾತ್ರ ಆಗಿತ್ತು, ಕೆಳಗೆ ಬೋಳು ಬಟ್ಟೆ. ಪಕ್ಕದ್ದಕ್ಕೆ ನೀರು ಬಂದಿತ್ತು. ಅದರಾಚೆಯದಕ್ಕೆ ಹಡಗು. ಕೊನೆಯದು ಒಣಗಿ ಹಗ್ಗ ಬರಲೆಂದು ಕಾದು ನಿಂತಿತ್ತು.

"ಆಕಾಶ ನನ್ನ ತಮ್ಮಂದು," ಅಕ್ಕ ಹೇಳಿದಳು. "ನೀರು ಅಲೆಯಣ್ಣಂದು. ಹಡಗು ಮಾವಂದು. ಹಗ್ಗ ನಂದು. ಒಬ್ರ ಜಾಗಕ್ಕೆ ಇನ್ನೊಬ್ರು ಬ್ರಶ್ ಹಾಕಲ್ಲ ಮೇಡಂ. ಹಾಕಿದ್ರೆ ಮಾವ ಕೈ ಮುರೀತಾರೆ."

"ಗುರುವಾರದಿಂದ ಆಕಾಶ ಯಾರು ಮಾಡ್ತಿದ್ದಾರೆ?" ಸೂಜಿ ಕೇಳಿದಳು.

"ಯಾರೂ ಇಲ್ಲ."

ಅದು ಕಾಣುತ್ತಿತ್ತು. ಬಿಳಿ ಬಳಿದ ಖಾಲಿ ಕ್ಯಾನ್ವಾಸುಗಳು ಕಿಟಕಿಯ ಹತ್ತಿರ ಗೋಡೆಗೆ ಮುಖ ಮಾಡಿ ನಿಂತಿದ್ದವು. ಆಕಾಶ ಬರದೆ ನೀರಿಲ್ಲ, ನೀರು ಬರದೆ ಹಡಗಿಲ್ಲ. ಅಲೆಯಣ್ಣ ಮೂಲೆಯ ಸ್ಟೂಲಿನ ಮೇಲೆ ಕೂತು ತೊಳೆದ ಬ್ರಶ್ಶನ್ನೇ ಮತ್ತೆ ತೊಳೆಯುತ್ತಿದ್ದ.

ಅಕ್ಕನ ತಮ್ಮನಿಗೆ ಎಲ್ಲರೂ ಇಟ್ಟ ಹೆಸರು ಮೋಡ. ಗುರುವಾರ ರಜೆ ಹಾಕಿ ಮ್ಯೂಸಿಯಂಗೆ ಹೋದವನು ಮನೆಗೆ ಮರಳಿರಲಿಲ್ಲ. ಅವನನ್ನು ಹುಡುಕಿಕೊಡಿ ಎಂದು ಅಕ್ಕ ಬಂದು ಕೂತದ್ದು ಸೂಜಿಯ ಮುಂದೆ. ಸೂಜಿ ಎಂಬುದು ಈ ಪತ್ತೇದಾರಿ ಹೆಂಗಸಿಗೆ ಪೊಲೀಸರು ಇಟ್ಟ ಹೆಸರು. ಮೈ ನೋಡಿ ಇಟ್ಟರೋ ನಾಲಿಗೆ ನೋಡಿ ಇಟ್ಟರೋ, ಅವಳು ವಿಚಾರಿಸಲು ಹೋಗಿರಲಿಲ್ಲ.

ಅವಳು ಆ ಬೆಳಿಗ್ಗೆಯೇ ಮ್ಯೂಸಿಯಂಗೆ ಹೋಗಿ, ಇವರೆಲ್ಲ ನಕಲು ಮಾಡುವ ಚಿತ್ರದ ಮೂಲದ ಮುಂದೆ ನಿಂತು ಬಂದಿದ್ದಳು. ಕಾವಲುಗಾರ ಮೋಡನನ್ನು ಮರೆತಿರಲಿಲ್ಲ.

"ಚಿತ್ರ ಮುಟ್ಟಲಿಲ್ಲ ಮೇಡಂ. ಅಂಗೈ ಮಾತ್ರ ಹತ್ತಿರ ಹಿಡ್ಕೊಂಡು ಗಾಳೀಲಿ ತಿಕ್ತಾ ಇದ್ದ, ಗಾಜು ಒರೆಸೋರ ಥರ. ಆಮೇಲೆ ನಗೋಕೆ ಶುರುಮಾಡಿದ. ನಕ್ಕು ನಕ್ಕು ನೆಲದ ಮೇಲೆ ಕೂತ್ಬಿಟ್ಟ. ಎದ್ದವನೇ, ಚಿತ್ರ ರಿಪೇರಿ ಮಾಡೋರು ಎಲ್ಲಿರ್ತಾರೆ ಅಂತ ಕೇಳಿದ. ತೋರಿಸಿದೆ. ವಾಪಸ್ ಬಂದಿದ್ದು ನಾನು ನೋಡ್ಲಿಲ್ಲ."

ರಿಪೇರಿ ಕೋಣೆಯಲ್ಲಿ ಇದ್ದವರು ಒಬ್ಬರೇ. ಎಲ್ಲರೂ ಅವರನ್ನು ಮೇಷ್ಟ್ರು ಎನ್ನುತ್ತಿದ್ದರು. ಇಸ್ತ್ರಿ ಮಾಡಿದ ಬಿಳಿ ಕೋಟು, ಇಸ್ತ್ರಿ ಮಾಡಿದಂಥದೇ ಮಾತು. "ಅಂಥವರು ಯಾರೂ ಈ ಕಡೆ ಬಂದಿಲ್ಲ," ಎಂದಿದ್ದರು. ಹೇಳುವಾಗ ಕೈಯಲ್ಲಿದ್ದ ಹತ್ತಿಯನ್ನು ಉಂಡೆ ಮಾಡುತ್ತಲೇ ಇದ್ದರು.

ಸೂಜಿ ಈಗ ಮುಗಿಯುತ್ತ ಬಂದ ಕ್ಯಾನ್ವಾಸಿಗೆ ಮೂಗು ತಾಗುವಷ್ಟು ಬಗ್ಗಿದಳು. ಹಡಗಿನ ಹಿಂದೆ ನೀರಿನ ಮೇಲೆ ಮೂರು ಕಂದು ಗೆರೆಗಳಿದ್ದವು.

"ಇದೇನು?"

"ಕಡ್ಡಿ," ಎಂದಳು ಅಕ್ಕ.

"ಎಂಥ ಕಡ್ಡಿ?"

"ತೇಲೋ ಕಡ್ಡಿ. ಅಲೆಯಣ್ಣಾ, ಎಂಥ ಕಡ್ಡಿ ಇವು?"

"ನಾವು ನೋಡಿ ಬರೆಯೋ ಪುಸ್ತಕದಲ್ಲಿದೆ, ಹಾಕಿದೀನಿ," ಅಲೆಯಣ್ಣ ತಲೆಯೆತ್ತಲಿಲ್ಲ. "ಸಮುದ್ರದಲ್ಲಿ ಕಡ್ಡಿ ಇರಬಾರದು ಅಂತ ಕಾನೂನು ಏನಾದ್ರೂ ಇದ್ಯಾ?"

ಸೂಜಿ ಚೀಲದಿಂದ ಒಂದು ಪೋಸ್ಟ್‌ಕಾರ್ಡ್ ತೆಗೆದಳು. ಮ್ಯೂಸಿಯಂ ಬಾಗಿಲಲ್ಲಿ ಮಾರುವಂಥದ್ದು. ಯಾವ ಕಾಲದಲ್ಲಿ ಅಚ್ಚಾದದ್ದೋ, ಅಂಚು ಹಳದಿಯಾಗಿತ್ತು. ಅದೇ ಬಿರುಗಾಳಿ, ಅದೇ ಹಡಗು. ಹಡಗಿನ ಹಿಂದೆ ಮಾತ್ರ ಒಂದು ಪುಟ್ಟ ದೋಣಿ, ದೋಣಿಯಲ್ಲಿ ಬೆನ್ನು ಬಗ್ಗಿಸಿ ಹುಟ್ಟು ಹಾಕುತ್ತಿರುವ ಮೂರು ಜನ.

ಅಕ್ಕ ಕಾರ್ಡನ್ನು ಬೆಳಕಿಗೆ ಹಿಡಿದಳು. "ಇದ್ರಲ್ಲಿ ಮನುಷ್ಯರಿದ್ದಾರೆ."

ಅಲೆಯಣ್ಣ ಮೊದಲ ಬಾರಿಗೆ ಸ್ಟೂಲು ಬಿಟ್ಟು ಎದ್ದ. ಕಾರ್ಡು ನೋಡಿದ, ತನ್ನ ನೀರು ನೋಡಿದ. "ಅಯ್ಯೋ ನನ್ನ ಕರ್ಮವೇ! ಇಷ್ಟು ವರ್ಷ ಬರೀ ಹುಟ್ಟು ಬಿಡಿಸಿದೀನಾ, ದೋಣೀನೇ ಇಲ್ದೆ?"

"ಪುಸ್ತಕ ಕೊಡಿ," ಎಂದಳು ಸೂಜಿ.

ಇಟ್ಟಿಗೆಯಂಥ ಪುಸ್ತಕ. ಹಡಗಿನ ಚಿತ್ರ ಎರಡು ಪುಟಕ್ಕೂ ಹರಡಿ ಅಚ್ಚಾಗಿತ್ತು. ಎಡ ಪುಟದಲ್ಲಿ ಹಡಗಿನ ಬಾಲ, ಬಲ ಪುಟದಲ್ಲಿ ಮೂರು ಕಡ್ಡಿ. ನಡುವೆ ಹೊಲಿಗೆಯ ಆಳ ಮಡಿಕೆ. ಪುಸ್ತಕವನ್ನು ಪೂರ್ತಿ ಬಿಡಿಸಲು ಆಗುತ್ತಿರಲಿಲ್ಲ.

"ಅದನ್ನ ಒತ್ತಬಾರ್ದು ಮೇಡಂ. ಹೊಲಿಗೆ ಬಿಡುತ್ತೆ ಅಂತ ಮಾವ ತಾಕೀತು ಮಾಡಿದಾರೆ," ಎಂದಳು ಅಕ್ಕ.

ಸೂಜಿ ಎರಡೂ ಅಂಗೈ ಊರಿ ಒತ್ತಿದಳು. ದಾರ ಪಟ್ಟೆಂದು ಹರಿಯಿತು. ಮಡಿಕೆಯ ತಳದಿಂದ ದೋಣಿಯ ಮೂತಿ ಹೊರಗೆ ಬಂತು, ಅದರ ಹಿಂದೆ ಒಂದು ಟೋಪಿ.



"ನೀವು ಮಾಡಿದ ಪ್ರತಿ ನಕಲಿನಲ್ಲೂ ದೋಣಿ ಇಲ್ಲ, ಕಡ್ಡಿ ಇದೆ," ಎಂದಳು ಸೂಜಿ. "ಅಲ್ವಾ?"

"ಹೂಂ."

"ಬೆಳಿಗ್ಗೆ ನಾನು ನೋಡಿದ ಮ್ಯೂಸಿಯಂ ಚಿತ್ರದಲ್ಲೂ ದೋಣಿ ಇಲ್ಲ. ಕಡ್ಡಿ ಇದೆ."

ಅಕ್ಕನ ಕೈ ತಾನಾಗಿಯೇ ಪಕ್ಕದ ಕ್ಯಾನ್ವಾಸಿನ ಆಕಾಶದತ್ತ ಹೋಯಿತು. "ಮೋಡ ಮಾಡೋಕೆ ಅವನು ಬ್ರಶ್ ಹಿಡಿಯಲ್ಲ. ಅಂಗೈಲಿ ತಿಕ್ತಾನೆ."

"ಗಾಜು ಒರೆಸೋರ ಥರ."

"ಅವನು ನಕ್ಕಿದ್ದು…"

"ತನ್ನ ಆಕಾಶ ನೋಡಿ. ಜೀವಮಾನದಲ್ಲಿ ಮೊದಲ ಸಲ ಮೂಲ ಚಿತ್ರ ನೋಡೋಣ ಅಂತ ಹೋದ. ಅಲ್ಲಿ ನೇತಾಡ್ತಿದ್ದದ್ದು ಅವನದೇ ಕೆಲಸ. ನಕ್ಕ. ಹಾಗೇ ಎದ್ದು ಮೇಷ್ಟ್ರ ಹತ್ತಿರ ಕೇಳೋಕೆ ಹೋದ, ಇದ್ಯಾಕೆ ಹೀಗೆ ಅಂತ."

"ಅಷ್ಟು ದಡ್ಡನಾ ನನ್ನ ತಮ್ಮ?"

"ಅಷ್ಟು ಒಳ್ಳೆಯವನು," ಎಂದಳು ಸೂಜಿ. "ಎರಡೂ ಒಂದೇ ಕಡೆ ಕರ್ಕೊಂಡು ಹೋಗುತ್ತೆ. ಮಾವ ಎಲ್ಲಿ?"

*

ಮಾವ ವಾರ್ನಿಶ್ ಕೋಣೆಯಲ್ಲಿದ್ದ. ಕಿಟಕಿಯಿಲ್ಲದ ಕೋಣೆ. ಧೂಳು ಏಳುತ್ತದೆಂದು ಫ್ಯಾನೂ ಇರಲಿಲ್ಲ. ಒಂದು ಗೋಡೆಗೆ ಹಲಗೆಗಳನ್ನು ಒಂದರ ಮೇಲೊಂದು ಜೋಡಿಸಿದ ಗೂಡು. ವಾರ್ನಿಶ್ ಬಳಿದ ಚಿತ್ರಗಳು ಮುಖಕ್ಕೆ ಎಣ್ಣೆಕಾಗದ ಹೊದ್ದು ಅಲ್ಲಿ ಮಲಗುತ್ತಿದ್ದವು.

ತಾಯಿ ಇಲ್ಲದ ಇಬ್ಬರು ಮಕ್ಕಳನ್ನು ಈ ಸೋದರಮಾವನೇ ಸಾಕಿ, ಕೈ ಹಿಡಿದು ಬ್ರಶ್ ಕಲಿಸಿದ್ದ. ದಪ್ಪ ಮನುಷ್ಯ, ಬಾಯಿ ತುಂಬ ಮಾತು, ಕಿವಿಯ ಹಿಂದೆ ಯಾವಾಗಲೂ ಒಂದು ಬ್ರಶ್. ಅವನಿಗೆ ಹಾಲಿನವನೂ ಮಾವ ಎನ್ನುತ್ತಿದ್ದ, ಅಂಚೆಯವನೂ ಮಾವ ಎನ್ನುತ್ತಿದ್ದ.

"ಬನ್ನಿ ತಾಯಿ, ಬನ್ನಿ. ಬಾಗಿಲು ಹಾಕ್ಕೊಳ್ಳಿ, ಧೂಳು ಬರುತ್ತೆ. ಏನು, ಸಿಕ್ಕಿದ್ನಾ ನಮ್ಮ ಹುಡುಗ? ಎಲ್ಲಿ ಹೋಗಿರ್ತಾನೆ ಬಿಡಿ, ವಯಸ್ಸು. ಯಾವಳೋ ಕಣ್ಣು ಹೊಡೆದಿರ್ತಾಳೆ, ಇವನು ಹಿಂದೆ ಹೋಗಿರ್ತಾನೆ."

"ಮ್ಯೂಸಿಯಂನಲ್ಲಿ ನಿಮ್ಮ ಹಡಗು ಚೆನ್ನಾಗಿ ಕಾಣುತ್ತೆ ಮಾವ."

ವಾರ್ನಿಶ್ ಬಳಿಯುತ್ತಿದ್ದ ಕೈ ನಿಂತಿತು. ಬ್ರಶ್ಶಿನಿಂದ ಒಂದು ಹನಿ ಚಿತ್ರದ ಮೇಲೆ ಬಿದ್ದು ಹರಡಿತು. ಅವನು ಅದನ್ನು ಒರೆಸಲಿಲ್ಲ.

"ನಮ್ಮದಾ? ತಮಾಷೆ ಮಾಡ್ತೀರಿ. ನಮ್ಮ ಪ್ರತಿ ಚಿತ್ರದ ಬೆನ್ನಿಗೂ ಠಸ್ಸೆ ಇರುತ್ತೆ ತಾಯಿ. ಕೆಂಪು ಅಕ್ಷರದಲ್ಲಿ, ನಕಲು ಅಂತ. ಠಸ್ಸೆ ಇಲ್ಲದ್ದು ಈ ಹೊಸಲು ದಾಟಲ್ಲ. ನಾನೇನು ಕಳ್ಳನಾ?"

"ಕಳ್ಳ ಅಂತ ನಾನೆಲ್ಲಿ ಅಂದೆ?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರನ್ನು ಸೂಜಿ ಬೇಕಾದಷ್ಟು ನೋಡಿದ್ದಳು. ಇವನಂತೂ ಎರಡೂ ಹೆಗಲು ಮುಟ್ಟಿಕೊಂಡಿದ್ದ.

"ಒಂದು ದಾಟಿದೆ ಮಾವ." ಅಕ್ಕ ಬಾಗಿಲಲ್ಲಿ ನಿಂತಿದ್ದಳು. "ಹೋದ ತಿಂಗಳು. ಅಂಚು ಕತ್ತರಿಸ್ಬೇಡ, ಠಸ್ಸೆ ನಾನೇ ಹಾಕ್ಕೋತೀನಿ ಅಂತ ನನ್ನ ಮೇಜಿಂದ ಎತ್ಕೊಂಡು ಹೋದ್ರಿ."

"ನೀನು ಸುಮ್ನಿರು."

"ಅಂಚು ಕತ್ತರಿಸೋದು ಅಂದ್ರೆ?" ಸೂಜಿ ಮಾವನ ಮುಖದಿಂದ ಕಣ್ಣು ತೆಗೆಯದೆ ಕೇಳಿದಳು.

"ಬೇಕಾದ್ದಕ್ಕಿಂತ ನಾಲ್ಕು ಬೆರಳು ಹೆಚ್ಚಿಗೆ ಬರೀತೀವಿ ಮೇಡಂ, ಸುತ್ತಲೂ. ಅಂಚಲ್ಲಿ ಬಣ್ಣ ಕೆಟ್ಟಿರುತ್ತೆ, ಕೈ ಗುರುತು ಬಿದ್ದಿರುತ್ತೆ. ಒಣಗಿದ ಮೇಲೆ ಬೋರಲು ಹಾಕಿ, ಬೆನ್ನ ಮೇಲೆ ಅಳತೆ ಚೌಕಟ್ಟು ಇಟ್ಟು ಕತ್ತರಿಸ್ತೀನಿ. ನಕಲು ಯಾವತ್ತೂ ಮೂಲಕ್ಕಿಂತ ಚಿಕ್ಕದೇ ಇರಬೇಕು, ಅದು ನಮ್ಮ ಕಸುಬಿನ ಮರ್ಯಾದೆ. ಕತ್ತರಿಸದೆ ಹೋದ್ರೆ…" ಅವಳು ನಿಲ್ಲಿಸಿದಳು. "ಕತ್ತರಿಸದೆ ಹೋದ್ರೆ ಅದು ಸರಿಯಾಗಿ ಮೂಲದ ಅಳತೆ."

"ಮ್ಯೂಸಿಯಂ ಚೌಕಟ್ಟಿಗೆ ಸರಿಯಾಗಿ ಕೂರುತ್ತೆ," ಎಂದಳು ಸೂಜಿ. "ಇಂಥದ್ದೊಂದು ಬೇಕು ಅಂತ ಮೇಷ್ಟ್ರು ಕೇಳಿದ್ರಾ ಮಾವ?"

ಮಾವ ಬ್ರಶ್ಶನ್ನು ಡಬ್ಬಿಯ ಅಂಚಿಗೆ ಅಡ್ಡ ಇಟ್ಟ. ಅದು ಜಾರಿ ಒಳಗೆ ಬಿತ್ತು.

"ತೊಳೆಯೋಕೆ ಅಂತ ಚಿತ್ರ ಕೆಳಗಿಳಿಸಿದ್ರು. ಮೇಲೇರಿದ್ದು ನಮ್ಮದು."

"ದೋಣಿ ಇಲ್ಲ ಅಂತ ಮೇಷ್ಟ್ರಿಗೆ ಕಾಣಲಿಲ್ವಾ?"

"ಕಾಣದೇ ಏನು? ನಾನೇ ಹೆದರಿದ್ದೆ. ಅವನು ನಕ್ಕ. ಜನ ಚಿತ್ರ ನೋಡಲ್ಲ ಮಾವ, ಕೆಳಗಿನ ಚೀಟಿ ಓದಿ ಮುಂದಕ್ಕೆ ಹೋಗ್ತಾರೆ ಅಂದ. ತಿಂಗಳಾಯ್ತಲ್ಲ, ಯಾರು ಕೇಳಿದ್ರು?"

"ನಿಮ್ಮ ಅಳಿಯ ಕೇಳಿದ."

ಅಕ್ಕ ಮುಂದೆ ಬಂದು ಮಾವನ ಅಂಗಿ ಹಿಡಿದಳು.

"ಮಾವ, ಅವನೆಲ್ಲಿ?"

"ಅಂಗಿ ಬಿಡು."

"ಅವನೆಲ್ಲಿ?"

"ಮೇಷ್ಟ್ರ ಹತ್ರ." ಅವನು ಅವಳನ್ನು ನೋಡದೆ ಹೇಳಿದ. "ಬದುಕಿದ್ದಾನೆ. ನಿನ್ನೆ ಫೋನಲ್ಲಿ ಅವನ ಧ್ವನಿ ಕೇಳಿಸ್ತು. ಚೆನ್ನಾಗೇ ಇದ್ದ, ನನಗೆ ಬೈದ."

ಅಕ್ಕ ಹೊಡೆದಳು. ಜೋರಾಗಿ ಏನೂ ಅಲ್ಲ. ಬಣ್ಣದ ಕೈ. ಮಾವನ ಕೆನ್ನೆಯ ಮೇಲೆ ನಾಲ್ಕು ಕಂದು ಬೆರಳು ಮೂಡಿದವು.

"ನನ್ನ ಜೊತೇಲಿ ಕೂತು ಊಟ ಮಾಡಿದ್ರಿ," ಎಂದಳು. "ಬರ್ತಾನೆ ಬಿಡು ಅಂದ್ರಿ. ನಾನು ಅಳ್ತಾ ಇದ್ರೆ ತಲೆ ಸವರಿದ್ರಿ."

"ಇವತ್ತು ಬರ್ತಾನೆ. ನಿಜವಾಗ್ಲೂ ಬರ್ತಾನೆ ಕಣೇ." ಮಾವ ಸೂಜಿಯತ್ತ ತಿರುಗಿದ. ಅವಳೇ ಮೆತ್ತಗಿನವಳು ಎಂದುಕೊಂಡನೇನೋ. "ಮೂಲ ನನ್ನ ಹತ್ರ ಇದೆ ತಾಯಿ. ಬಚ್ಚಿಡು ಅಂತ ಮೇಷ್ಟ್ರೇ ಕೊಟ್ಟಿದ್ದ. ಆಮೇಲೆ ಕೊಡು ಅಂದಾಗ ನಾನು ಸ್ವಲ್ಪ ಎಳೆದಾಡಿದೆ. ಆಸೆ. ಅಷ್ಟರಲ್ಲಿ ಈ ಹುಡುಗ ತಾನಾಗೇ ಹೋಗಿ ಅವನ ಬಾಯಿಗೆ ಬಿದ್ದ. ಚಿತ್ರ ಬರಲಿ, ಹುಡುಗ ಬರ್ತಾನೆ ಅಂದಿದ್ದಾನೆ. ಇವತ್ತು ಮ್ಯೂಸಿಯಂ ಬಾಗಿಲು ಹಾಕಿದ ಮೇಲೆ ಇಲ್ಲಿಗೇ ಕರ್ಕೊಂಡು ಬರ್ತಾನೆ. ಪೊಲೀಸರ ನೆರಳು ಕಂಡ್ರೂ ಹುಡುಗನ ಆಸೆ ಬಿಡಿ ಅಂದಿದ್ದಾನೆ. ನೀವು ಸುಮ್ನಿದ್ರೆ ಸಾಕು. ಕೊಟ್ಬಿಡ್ತೀನಿ. ನನಗೇನೂ ಬೇಡ."

ಸೂಜಿ ಲೆಕ್ಕ ಹಾಕಿದಳು. ಮ್ಯೂಸಿಯಂ ಬಾಗಿಲು ಹಾಕಿ ಆಗಲೇ ಸಾಕಷ್ಟು ಹೊತ್ತಾಗಿತ್ತು.

"ಚಿತ್ರ ತೋರಿಸಿ."

"ಇಲ್ಲೇ ಇದೆ." ಮಾವನ ದನಿಗೆ ಹಳೆಯ ಠೀವಿ ಸ್ವಲ್ಪ ಮರಳಿತು. "ಊರೆಲ್ಲ ಹುಡುಕಿದ್ರೂ ಸಿಗಲ್ಲ. ಬೆನ್ನಿಗೆ ಹೊಸ ಬಟ್ಟೆ ಅಂಟಿಸಿ, ನಮ್ಮ ಠಸ್ಸೆ ಒತ್ತಿ, ಮುಖಕ್ಕೆ ಕಾಗದ ಹೊದಿಸಿ ನಕಲಿನ ಮಧ್ಯೆ ಮಲಗಿಸಿದೀನಿ. ಮರ ಬಚ್ಚಿಡೋಕೆ ಕಾಡಿಗಿಂತ ಜಾಗ ಬೇಕಾ? ಮೇಲಿಂದ ಎರಡನೇ ಹಲಗೆ."

ಅವನು ಕೈ ಚಾಚಿ ಹಲಗೆ ಎಳೆದ.

ಹಲಗೆ ಖಾಲಿಯಿತ್ತು.

ಮೊದಲು ಮೂರನೆಯದು ಎಳೆದ, ಆಮೇಲೆ ಮೊದಲನೆಯದು, ಆಮೇಲೆ ಎಲ್ಲವನ್ನೂ. ಕಾಗದ ಕಿತ್ತು ಎಸೆದ. ಎಲ್ಲದರಲ್ಲೂ ಮೂರು ಕಡ್ಡಿ.

ಸೂಜಿ ನೋಡುತ್ತಿದ್ದದ್ದು ಅವನನ್ನಲ್ಲ. ಅಕ್ಕನ ಮುಖದ ಬಣ್ಣ ಇಳಿದಿತ್ತು.

"ಠಸ್ಸೆ ಇತ್ತು," ಎಂದಳು ಅಕ್ಕ. "ಠಸ್ಸೆ ಬಿದ್ದು ಒಣಗಿದ್ದನ್ನೆಲ್ಲ ಕತ್ತರಿಸೋದು ನನ್ನ ಕೆಲಸ. ಬೆಳಿಗ್ಗೆ ಕೈಯಲ್ಲಿ ಕೆಲಸ ಇರ್ಲಿಲ್ಲ. ಹೊಸ ಕ್ಯಾನ್ವಾಸ್ ಯಾವುದೂ ಬರ್ತಿರ್ಲಿಲ್ಲ. ಸುಮ್ನೆ ಕೂತ್ರೆ ತಮ್ಮನ ಯೋಚ್ನೆ ಬರುತ್ತೆ ಅಂತ ಗೂಡಲ್ಲಿರೋದನ್ನ ತೆಗೆದೆ."

ಕತ್ತರಿಸುವ ಮೇಜು ಹೊರಗಿನ ಕೋಣೆಯಲ್ಲಿತ್ತು. ಅದರ ಮೇಲೆ ಒಂದು ಚಿತ್ರ ಬೋರಲು ಬಿದ್ದಿತ್ತು. ಬೆನ್ನಿಗೆ ಬಿಳಿ ಬಟ್ಟೆ, ಬಟ್ಟೆಯ ಮೇಲೆ ಕೆಂಪು ಠಸ್ಸೆ. ನಾಲ್ಕು ಅಂಚೂ ಬ್ಲೇಡಿನಲ್ಲಿ ಎಳೆದಷ್ಟು ನೇರ. ಒಳ್ಳೆಯ ಕೆಲಸ.

"ತಿರುಗಿಸಿ ನೋಡ್ಲಿಲ್ವಾ?" ಮಾವ ಕಿರುಚಿದ. "ಮುಖ ನೋಡ್ಲಿಲ್ವೇನೇ?"

"ಯಾವತ್ತು ನೋಡಿದೀನಿ? ಬೆನ್ನು ನೋಡಿ ಕತ್ತರಿಸು, ಮುಖ ಮುಟ್ಟಬೇಡ ಅಂತ ಕಲಿಸಿದ್ದು ನೀವೇ ಅಲ್ವಾ?"

ಸೂಜಿ ಚಿತ್ರವನ್ನು ಎರಡೂ ಕೈಯಲ್ಲಿ ಹಿಡಿದು ತಿರುಗಿಸಿದಳು. ಎಣ್ಣೆಕಾಗದ ಸರಿಸಿದಳು.

ಮೂವರು ಗಂಡಸರು ಬೆನ್ನು ಬಗ್ಗಿಸಿ ಹುಟ್ಟು ಹಾಕುತ್ತಿದ್ದರು. ನೀರು ಕಪ್ಪಗಿತ್ತು. ಮೈ ತುಂಬ ಕೂದಲೆಳೆಯಂಥ ಬಿರುಕು. ಅಲೆಯಣ್ಣ ಬಂದು ಪಕ್ಕದಲ್ಲಿ ನಿಂತ.

ಅಕ್ಕ ಹಗ್ಗಗಳನ್ನು ನೋಡಿದಳು. "ಇದು ನನ್ನ ಕೈ ಅಲ್ಲ," ಎಂದಳು, ಯಾರೋ ಬೈದ ಹಾಗೆ.

"ಕತ್ತರಿಸಿದ ಪಟ್ಟಿಗಳೆಲ್ಲಿ?" ಸೂಜಿ ಕೇಳಿದಳು.

ಅವಳು ಮೇಜಿನ ಕೆಳಗೆ ಬಗ್ಗಿ ಹುಡುಕಿದಳು.

"ಪಟ್ಟಿ ಎಲ್ಲಿ? ಅಂಟಿಸ್ಬಹುದು. ಎಲ್ಲಿ ಹಾಕ್ತೀರಿ?"

"ತೊಟ್ಟೀಲಿ," ಎಂದ ಅಲೆಯಣ್ಣ. "ಬಣ್ಣ ಬಿಟ್ಟ ಮೇಲೆ ಬಟ್ಟೆ ಒರೆಸೋಕೆ ಬರುತ್ತೆ. ಬೆಳಿಗ್ಗೆ ನಾನೇ ಹಾಕಿದೆ."

ಹಿತ್ತಿಲ ಬಾಗಿಲ ಹತ್ತಿರ ಸಿಮೆಂಟಿನ ಸಣ್ಣ ತೊಟ್ಟಿ, ಅದರಲ್ಲಿ ಕಾಸ್ಟಿಕ್ ಸೋಡಾ ಕಲಸಿದ ನೀರು. ಸೂಜಿ ಅಲ್ಲಿದ್ದ ಕೋಲಿನಿಂದ ಎತ್ತಿದಳು. ಒಂದೊಂದಾಗಿ ಬಂದವು, ತೊಳೆದ ಬ್ಯಾಂಡೇಜಿನ ಹಾಗೆ. ಮೇಲೆ ಏನೂ ಇರಲಿಲ್ಲ. ಬಣ್ಣವೆಲ್ಲ ತಳದಲ್ಲಿ ಕಂದು ಕೆಸರಾಗಿ ಕೂತಿತ್ತು.

ಅವಳು ಪೋಸ್ಟ್‌ಕಾರ್ಡನ್ನು ಮತ್ತೆ ತೆಗೆದು ನೋಡಿದಳು. ಆಮೇಲೆ ಕತ್ತರಿಸಿದ ಚಿತ್ರದ ಬಲಗಡೆಯ ಕೆಳ ಮೂಲೆ ನೋಡಿದಳು.

ಆಗ ಬೀದಿ ಬಾಗಿಲು ಬಡಿದ ಸದ್ದಾಯಿತು.

ಅಕ್ಕ ಓಡಿದಳು. ಚಿಲಕಕ್ಕೆ ಕೈ ಹಾಕುವಷ್ಟರಲ್ಲಿ ಸೂಜಿ ಹಿಡಿದುಕೊಂಡಳು. ಇಬ್ಬರೂ ಬಾಗಿಲಿಗೆ ಕಿವಿ ಕೊಟ್ಟರು.

"ಅಕ್ಕಾ." ಹೊರಗಿನಿಂದ, ಬಾಯಿ ಒಣಗಿದ ದನಿ. "ನಾನೇ ಕಣೇ. ಏನೂ ಆಗಿಲ್ಲ. ಹಲ್ಲೊಂದು ಅಲ್ಲಾಡ್ತಿದೆ ಅಷ್ಟೇ. ನೀನು…"

ದನಿ ನಿಂತಿತು. ಯಾರೋ ನಿಲ್ಲಿಸಿದ ಹಾಗೆ ನಿಂತಿತು.

"ಬಾಗಿಲು ತೆಗೆಯೋದು ಬೇಡ." ಇದು ಇಸ್ತ್ರಿ ಮಾಡಿದ ಮಾತು. "ಒಳಗೆ ಯಾರ್ಯಾರಿದ್ದೀರಿ ಅಂತ ನಾನು ಕೇಳಲ್ಲ. ಮಾವ, ಬಾಗಿಲ ಕೆಳಗೆ ಸಂದಿ ಇದೆ. ಕ್ಯಾನ್ವಾಸಿನ ಬಲಗಡೆ ಕೆಳ ಮೂಲೆ ಅದರಿಂದ ಹೊರಗೆ ತಳ್ಳಿ. ಒಂದು ಗೇಣು ಸಾಕು. ಸಹಿ ನೋಡ್ತೀನಿ, ಹುಡುಗನನ್ನ ಬಿಡ್ತೀನಿ. ನಕಲು ತಳ್ಳಿದ್ರೆ ನನಗೆ ಗೊತ್ತಾಗುತ್ತೆ, ಅದು ನಿಮಗೂ ಗೊತ್ತು."

ಅಕ್ಕ ಸೂಜಿಯನ್ನು ನೋಡಿದಳು. ತನ್ನ ಮೇಜಿಗೆ ಹೋಗಿ ಹಗ್ಗ ಬಿಡಿಸುವ ಬ್ರಶ್ಶುಗಳಲ್ಲಿ ಎಲ್ಲಕ್ಕಿಂತ ಸಣ್ಣದನ್ನು ಎತ್ತಿಕೊಂಡಳು. ಕಪ್ಪಿಗೆ ಒಂದಿಷ್ಟು ಕಂದು ಬೆರೆಸಿದಳು. ಪೋಸ್ಟ್‌ಕಾರ್ಡಿಗಾಗಿ ಕೈ ಚಾಚಿದಳು.

"ಹಸಿ ಬಣ್ಣ," ಸೂಜಿ ಪಿಸುಗುಟ್ಟಿದಳು. "ಬೆರಳು ಇಟ್ರೆ ಅಂಟುತ್ತೆ."

"ಗೊತ್ತು. ಕಾರ್ಡ್ ಕೊಡಿ."

"ಏನು ತಡ?" ಎಂದಿತು ಬಾಗಿಲಾಚೆಯ ದನಿ.

"ಸುತ್ತಿಟ್ಟಿದೀವಿ, ಬಿಚ್ತಾ ಇದೀವಿ," ಎಂದು ಸೂಜಿ ಜೋರಾಗಿ ಹೇಳಿ ಪೋಸ್ಟ್‌ಕಾರ್ಡ್ ಕೊಟ್ಟಳು. ಅಕ್ಕ ಅದನ್ನು ಕತ್ತರಿಸಿದ ಚಿತ್ರದ ಬಲಗಡೆಯ ಕೆಳ ಮೂಲೆಯ ಪಕ್ಕ ಇಟ್ಟುಕೊಂಡು ಬಗ್ಗಿದಳು.

ತೊಟ್ಟಿಯಲ್ಲಿ ಕರಗಿ ಹೋದದ್ದು ಇಷ್ಟು: ಎಡ ಅಂಚಿನ ಒಂದು ಹಕ್ಕಿ, ಬಲ ಅಂಚಿನಲ್ಲಿ ದೂರದ ಇನ್ನೊಂದು ಹಡಗಿನ ಹಾಯಿ, ಮೇಲೆ ಬಾವುಟದ ತುದಿ, ಕೆಳಗೆ ನಾಲ್ಕು ಬೆರಳು ನೀರು, ಆ ನೀರಿನ ಮೇಲೆ ಬರೆದಿದ್ದ ಒಂದು ಸಹಿ.